ಹಳೆಯ ತಂತಿಯ ಮಾತು, ಹೊಸ ಜಾಲದ ದಾರಿ

ಎರಡು ಯಂತ್ರಗಳು ಮಾತನಾಡಿಕೊಳ್ಳಲು ನಡುವೆ ತಂತಿಯೊಂದಿದ್ದರೆ ಸಾಲದು. ಮಾತಿಗೊಂದು ಶಿಷ್ಟಾಚಾರವೂ ಬೇಕು. ‘ಹೇಳಲೇ?’ ಎಂದು ಒಂದು ಕೇಳಬೇಕು, ‘ಹೇಳು’ ಎಂದು ಇನ್ನೊಂದು ಒಪ್ಪಬೇಕು. ಅಂಥದೊಂದು ಶಿಷ್ಟಾಚಾರವೇ ಆ್ಯಪಲ್‌ಟಾಕ್. ಗುರುಶರಣ್ ಸಿಧು ಅವರ ನೇತೃತ್ವದಲ್ಲಿ ಅಮೆರಿಕದ ಆ್ಯಪಲ್ ಕಂಪನಿ ರೂಪಿಸಿದ ಈ ವ್ಯವಸ್ಥೆ 1985ರಲ್ಲಿ ಬಳಕೆಗೆ ಬಂತು.

ಅದರ ಹಿಂದಿದ್ದುದು ದುಡ್ಡಿನ ಲೆಕ್ಕ. ಆ ವರ್ಷ ಬಂದ ಲೇಸರ್‌ರೈಟರ್ ಮುದ್ರಕದ ಬೆಲೆ 6,995 ಡಾಲರ್. 1984ರಲ್ಲಿ ಬಂದ ಮೊದಲ ಮ್ಯಾಕಿಂಟೋಷ್ ಕಂಪ್ಯೂಟರಿನ ಬೆಲೆಯೇ 2,495 ಡಾಲರ್. ಮೇಜಿಗೊಂದು ಮುದ್ರಕ ಇಡುವುದು ಆಗದ ಮಾತು. ಒಂದನ್ನೇ ಹಲವರು ಹಂಚಿಕೊಳ್ಳಬೇಕು. ಬಿಟ್‌ಗಳನ್ನು ಒಂದರ ಹಿಂದೊಂದು ಸಾಲಾಗಿ ಕಳಿಸುವ ಸೀರಿಯಲ್ ಪೋರ್ಟ್ ಮ್ಯಾಕಿಂಟೋಷ್‌ನ ಬೆನ್ನಲ್ಲೇ ಇತ್ತು. ಅದಕ್ಕೆ ಅಗ್ಗದ ತಂತಿ ಸಿಕ್ಕಿಸಿದರೆ ಜಾಲ ಸಿದ್ಧ: ಸುಮಾರು 300 ಮೀಟರ್ ಉದ್ದ, 32 ಯಂತ್ರಗಳು, ಸೆಕೆಂಡಿಗೆ 2,30,400 ಬಿಟ್ ವೇಗ. ಈ ತಂತಿಜಾಲಕ್ಕೆ ಮುಂದೆ ಲೋಕಲ್‌ಟಾಕ್ ಎಂಬ ಹೆಸರಾಯಿತು.

ಇದರ ನಿಯಮ ಬಲು ಬಿಗಿ. ‘ಹೇಳಲೇ?’ ಎಂಬ ಪ್ರಶ್ನೆಗೆ 200 ಮೈಕ್ರೊಸೆಕೆಂಡಿನೊಳಗೆ, ಅಂದರೆ ಸೆಕೆಂಡಿನ 5,000ದಲ್ಲಿ ಒಂದು ಪಾಲಿನೊಳಗೆ, ಉತ್ತರ ಬರಬೇಕು. ಗಾಜಿನ ಎಳೆಯಲ್ಲಿ ಸಾಗುವ ಬೆಳಕು ಕೂಡ ಅಷ್ಟರಲ್ಲಿ ಕ್ರಮಿಸುವುದು ಸುಮಾರು 40 ಕಿಲೋಮೀಟರ್; ಹೋಗಿಬರುವ ಲೆಕ್ಕದಲ್ಲಿ 20 ಮಾತ್ರ. ಹಾಗಿರುವಾಗ ಈ ಮಾತು ಖಂಡಾಂತರ ದಾಟುವುದು ಹೇಗೆ?

ದಾರಿ ಸುರಂಗದ್ದು. ಆ್ಯಪಲ್‌ನ ಅಲನ್ ಓಪನ್‌ಹೈಮರ್ 1993ರಲ್ಲಿ ಪ್ರಕಟಿಸಿದ ‘ಎಯುಆರ್‌ಪಿ’ ನಿಯಮಾವಳಿಯ ಪ್ರಕಾರ ಪ್ರತಿ ಊರಿನ ಜಾಲಕ್ಕೂ ಒಂದು ರೂಟರ್ ಇರುತ್ತದೆ. ಹಳೆಯ ಯಂತ್ರ ಕೇಳಿದ ಕೂಡಲೇ ‘ಹೇಳು’ ಎನ್ನುವುದು ಪಕ್ಕದಲ್ಲೇ ಇರುವ ಈ ರೂಟರ್. ಆಮೇಲೆ ಅದು ಸಂದೇಶವನ್ನು ಇಂಟರ್‌ನೆಟ್ಟಿನ ಲಕೋಟೆಯೊಳಗಿಟ್ಟು ಕಳಿಸುತ್ತದೆ. ಆಚೆ ತುದಿಯ ರೂಟರ್ ಲಕೋಟೆ ಒಡೆದು ತನ್ನ ಜಾಲಕ್ಕೆ ಒಪ್ಪಿಸುತ್ತದೆ. ಅವಸರದ ಶಿಷ್ಟಾಚಾರ ಮನೆಯೊಳಗೇ ಮುಗಿಯುತ್ತದೆ. ಪ್ರಯಾಣ ಮಾಡುವುದು ಸಂದೇಶ ಮಾತ್ರ.

ಕಾಲ ಮುಂದೆ ನಡೆಯಿತು. 1998ರ ಐಮ್ಯಾಕ್‌ನಲ್ಲಿ ಹಳೆಯ ಸೀರಿಯಲ್ ಪೋರ್ಟ್ ಇರಲಿಲ್ಲ. 2009ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್‌ನ 10.6ನೇ ಆವೃತ್ತಿ ಆ್ಯಪಲ್‌ಟಾಕ್ ಅನ್ನೇ ಕೈಬಿಟ್ಟಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. 2024ರಲ್ಲಿ ಹಳೆಯ ಕಂಪ್ಯೂಟರುಗಳ ಹವ್ಯಾಸಿಗಳು ಅದೇ ಎಯುಆರ್‌ಪಿಯನ್ನು ಧೂಳು ಕೊಡವಿ ಹೊರತೆಗೆದು, ಬೇರೆ ಬೇರೆ ದೇಶಗಳ ಮನೆಗಳಲ್ಲಿದ್ದ ಮ್ಯಾಕಿಂಟೋಷ್‌ಗಳನ್ನು ‘ಗ್ಲೋಬಲ್‌ಟಾಕ್’ ಎಂಬ ಹೆಸರಿನಲ್ಲಿ ಬೆಸೆದರು. ಒಂದೇ ಕಚೇರಿಗೆಂದು ಹುಟ್ಟಿದ ಪಟ್ಟಿಯಲ್ಲಿ ಈಗ ಪರದೇಶದ ಮುದ್ರಕಗಳ ಹೆಸರು ಮೂಡಿದವು.

ಆದರೆ ಈ ಮಾತಿಗೆ ಗುಟ್ಟಿಲ್ಲ. ಎದುರಿಗಿರುವವನು ನಮ್ಮವನೇ ಎಂಬ ಕಚೇರಿಯೊಳಗಿನ ನಂಬಿಕೆಯ ಮೇಲೆ ಕಟ್ಟಿದ ಆ್ಯಪಲ್‌ಟಾಕ್ ತನ್ನ ಸಂದೇಶಗಳನ್ನು ಗೂಢಲಿಪಿಗೆ ಇಳಿಸುವುದಿಲ್ಲ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹವ್ಯಾಸಿಗಳು ಈ ಅಪಾಯವನ್ನು ಅರಿತೇ ನಡೆಯಬೇಕು.

ಹಳೆಯ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಬಹುದು, ಜಾಲವನ್ನು ಹಾಗೆ ಇಡಲಾಗದು. ಕೇಳಿದಾಗ ಆಚೆಯಿಂದ ಯಾರಾದರೂ ‘ಹೇಳು’ ಎಂದರಷ್ಟೇ ಅದು ಬದುಕಿರುತ್ತದೆ.