ಬೂಷ್ಟು ಹತ್ತಿದ ಹಣ್ಣಿನ ವೈನು

ದ್ರಾಕ್ಷಿಗೆ ಬೂಷ್ಟು ಹತ್ತಿತಂದ್ರ ನಮ್ಮ ಜತ್ತ ಸೀಮೆಯ ರೈತನ ಎದಿ ಧಸಕ್ಕಂತದ. ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದ ದಕ್ಷಿಣಕ್ಕಿರುವ ಸೊತೆರ್ನ್ ಊರಿನಲ್ಲಿ ಮಾತ್ರ ಅದರ ದಾರಿಯನ್ನೇ ಕಾಯುತ್ತಾರೆ. ಅಲ್ಲಿಯ ಹೆಸರಾಂತ ತೋಟ ಶಾತೋ ದಿಕೆಮ್. ಅದರ ಬಿಳಿ ವೈನು ಜೇನಿನಂಥ ಬಣ್ಣದ್ದು, ಸಿಹಿ.

ಹತ್ತಿರದಲ್ಲೇ ಸಿರೋನ್ ಎಂಬ ತಣ್ಣನೆಯ ಹಳ್ಳ ಗರೋನ್ ನದಿಗೆ ಕೂಡುತ್ತದೆ. ಸುಗ್ಗಿಯ ಕಾಲಕ್ಕೆ ಮುಂಜಾನೆ ಅಲ್ಲಿಂದ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು ಬೀಳುತ್ತದೆ. ಮಂಜಿಗೆ ಬೂಷ್ಟು ಹತ್ತಿ, ಬಿಸಿಲಿಗೆ ಹಣ್ಣಿನ ನೀರು ಆರಿ, ಸಕ್ಕರೆ ಒಳಗೇ ಉಳಿಯುತ್ತದೆ. ಎಲ್ಲ ಬೂಷ್ಟೂ ಹೀಗಲ್ಲ ಮತ್ತ! ಬಿಸಿಲು ಬೀಳದೆ ಮಳೆಯೇ ಹಿಡಿದರೆ ಅದೇ ಹಣ್ಣು ಕೊಳೆತು ಹೋಗುತ್ತದೆ. ಅದಕ್ಕೇ ಕೊಯ್ಯುವವರು ಒಂದೇ ಬಳ್ಳಿಗೆ ಐದಾರು ಸಲ ಬಂದು, ಸುಕ್ಕಿದ ಹಣ್ಣಷ್ಟೇ ಆರಿಸುತ್ತಾರೆ. ಇಷ್ಟು ಮಾಡಿ ಒಂದು ಬಳ್ಳಿಗೆ ಸಿಗೋದು ಸುಮಾರು ಒಂದು ಗ್ಲಾಸು ವೈನು.

ಈ ತೋಟಕ್ಕೆ ಹೆಸರು ತಂದವಳು ಒಬ್ಬ ವಿಧವೆ, ಫ್ರಾಂಸ್ವಾಸ್ ಜೋಸೆಫೀನ್. ಆಕೆ 1785ರಲ್ಲಿ ಲ್ಯೂರ್ ಸಾಲ್ಯೂಸ್ ಮನೆತನದವನನ್ನು ಮದುವೆಯಾದಳು. 1788ರಲ್ಲಿ ಗಂಡ ತೀರಿಹೋದ. ಮರುವರ್ಷವೇ ಕ್ರಾಂತಿ. ಸಾಹುಕಾರರ ಪೈಕಿಯವಳೆಂದು ಸೆರೆಮನೆಯನ್ನೂ ಕಂಡಳು, ತೋಟ ಮಾತ್ರ ಬಿಡಲಿಲ್ಲ. 1851ರಲ್ಲಿ ಆಕೆ ತೀರಿಕೊಂಡಳು. ನಾಲ್ಕೇ ವರ್ಷದಲ್ಲಿ, ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋದ ದಲಾಲರು ವೈನುಗಳ ದರ್ಜೆ ಬರೆದಾಗ, ಸೊತೆರ್ನ್ ಸೀಮೆಯಲ್ಲಿ ಇದೊಂದಕ್ಕೇ ಎಲ್ಲಕ್ಕೂ ಮೇಲಿನ ಬೇರೆ ದರ್ಜೆ ಕೊಟ್ಟರು.

ಆ ದರ್ಜೆ ಉಳಿಸಿಕೊಳ್ಳೋದು ಸಲೀಸಲ್ಲ. ಹಣ್ಣು ಮನಸ್ಸಿಗೆ ಬಾರದ ವರ್ಷ ತೋಟದವರು ನಷ್ಟ ಉಣ್ಣುತ್ತಾರೆಯೇ ವಿನಾ ಹೆಸರು ಹಚ್ಚಿ ಮಾರುವುದಿಲ್ಲ. 1992ರಲ್ಲಿ, ಮತ್ತೆ 2012ರಲ್ಲಿ, ಆ ಸಿಹಿ ವೈನಿನ ಒಂದು ಬಾಟ್ಲಿಯೂ ಪೇಟೆಗೆ ಬರಲಿಲ್ಲ.