ನಾಕಾದ ಆಚೆಯ ಅಕ್ಕ

ನಮ್ಮ ಶಹಾಬಜಾರ ನಾಕಾ ದಾಟಿ ಆಳಂದ ರಸ್ತೆ ಹಿಡಿದು ಹೋದರೆ ವಾಗ್ದರಿ, ಅದರಾಚೆ ಅಕ್ಕಲಕೋಟೆ. ನಮ್ಮ ದೊಡ್ಡವ್ವನ ಮಗಳನ್ನು ಕೊಟ್ಟದ್ದು ಆ ಕಡೆಯ ಹಳ್ಳಿಗೆ. ಅಲ್ಲಿಯೂ ಮನೆಮಾತು ಕನ್ನಡ, ಊಟಕ್ಕೆ ಜೋಳದ ರೊಟ್ಟಿ. ಸರ್ಕಾರ ಮಾತ್ರ ಮಹಾರಾಷ್ಟ್ರದ್ದು.

ಗಡಿ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ ನಿಜಾಮನ ರಾಜ್ಯದಲ್ಲಿತ್ತು. ಅಕ್ಕಲಕೋಟೆಗೆ ಬೇರೆ ರಾಜರಿದ್ದರು. ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ಅಲ್ಲಿ ಕಲ್ದಾರ. 7 ಹಾಲಿ ರೂಪಾಯಿಗೆ ಸುಮಾರು 6 ಕಲ್ದಾರ. ತವರಿನ ದುಡ್ಡು ಗಂಡನ ಊರು ಮುಟ್ಟುವುದರೊಳಗೇ ಸವೆಯುತ್ತದೆ ಎಂದು ನಮ್ಮಜ್ಜಿ ನಗುತ್ತಿದ್ದಳು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ಅದನ್ನು ನಮಗೆ ಸೇರಿಸಲು ಹೇಳಿತು. ಮಹಾರಾಷ್ಟ್ರ ಒಪ್ಪಲಿಲ್ಲ.

ಈಗಿನ ಜಗಳ ಸರ್ಕಾರದ ಹಣದ್ದು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ವಿಶೇಷ ಅನುದಾನ, ಅಲ್ಲಿನ ಏಕೀಕರಣ ಹೋರಾಟಗಾರರಿಗೆ ಪಿಂಚಣಿ ಕೊಡುವುದಾಗಿ ಹೇಳಿದರು. ಏಕನಾಥ ಶಿಂಧೆಯವರ ಸರ್ಕಾರವೂ ಸುಮ್ಮನೆ ಕೂಡಲಿಲ್ಲ. ಬೆಳಗಾವಿ, ಕಾರವಾರ, ಬೀದರ ಕಡೆ ತನ್ನವೆನ್ನುವ 865 ಹಳ್ಳಿಗಳಿಗೆ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ಹಬ್ಬಿಸಿ, 2023ರಲ್ಲಿ 54 ಕೋಟಿ ರೂಪಾಯಿ ಇಟ್ಟಿತು. ಆಗ ನಮ್ಮವರಿಗೆ ಸಿಟ್ಟು ಬಂತು. ಇನ್ನೊಂದು ರಾಜ್ಯದ ಜನರಿಗೆ ನೀವು ಹೇಗೆ ಕೊಡುತ್ತೀರಿ ಎಂದು ಕೇಳಿದರು. ನಾಲ್ಕು ತಿಂಗಳ ಹಿಂದೆ ನಾವೇ ಹೇಳಿದ್ದು ಅದಲ್ಲವೇ ಎಂದು ನಾನು ಸ್ಟಾಫ್ ರೂಮಿನಲ್ಲಿ ಅಂದೆ. ಯಾರೂ ಮಾತಾಡಲಿಲ್ಲ. ನಾವು ಕೊಟ್ಟರೆ ಕರುಳಿನ ಪ್ರೀತಿ, ಅವರು ಕೊಟ್ಟರೆ ನೆಲದ ಆಸೆ! ಎರಡೂ ಕಡೆ ನೆಲದ ಲೆಕ್ಕವಿತ್ತೆಂದೇ ನನ್ನ ಅನಿಸಿಕೆ. ರೋಗಿಗೆ ಔಷಧಿ ಯಾವ ಖಜಾನೆಯಿಂದ ಬಂದರೇನು?

ಅದೇ ವರ್ಷ ನಮ್ಮಲ್ಲಿ ಬಸ್ ಪುಕ್ಕಟೆಯಾಯಿತು, ಗೃಹಲಕ್ಷ್ಮಿಯ 2,000 ರೂಪಾಯಿ ಶುರುವಾಯಿತು. ಅಕ್ಕ ಜಾತ್ರೆಗೆ ಬಂದವಳು ನನ್ನ ಪಕ್ಕದಲ್ಲೇ ಕೂತು ಟಿಕೇಟು ತಗೊಂಡಳು. "ಕನ್ನಡದವರು ನಮ್ಮವರು ಅಂತ ಭಾಷಣ ಮಾಡ್ತಾರ, ಬಸ್ಸಿನಾಗ ಆಧಾರ್ ಕೇಳ್ತಾರ ನೋಡು ತಂಗಿ" ಅಂದಳು. 2024ರಲ್ಲಿ ಅವರ ಸರ್ಕಾರ ಲಾಡಕಿ ಬಹೀಣ್ ಎಂದು 1,500 ರೂಪಾಯಿ ಕೊಡತೊಡಗಿದಾಗ ಫೋನ್ ಮಾಡಿದಳು: "ನಿನಕ್ಕಿಂತ ಐದುನೂರು ಕಮ್ಮಿ. ಆದ್ರೂ ಬಂತಲ್ಲ."

ಹೋದ ದೀಪಾವಳಿಗೆ ಅವಳ ಮನೆಗೆ ಹೋಗಿದ್ದೆ. ಮೊಮ್ಮಗ ಕನ್ನಡ ಶಾಲೆಗೆ ಹೋಗುತ್ತಾನೆ. ನಮ್ಮ ಅನುದಾನದ ಮಾತು ತೆಗೆದರೆ ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಹುಡುಗನ ಪಾಟಿಚೀಲದಿಂದ ಪುಸ್ತಕ ತೆಗೆದು ನೋಡಿದೆ, ಮಾಸ್ತರಿಕೆಯ ಚಾಳಿ. ಅಚ್ಚ ಕನ್ನಡದ ಪಠ್ಯ. ಪ್ರಕಟಿಸಿದ್ದು ಪುಣೆಯ ಬಾಲಭಾರತಿ, ಮಹಾರಾಷ್ಟ್ರ ಸರ್ಕಾರದ್ದು. ಅದರ ಬಗ್ಗೆ ಗಡಿಯ ಈಚೆ ಯಾರೂ ಸಿಟ್ಟಾದದ್ದು ನಾನು ಕೇಳಿಲ್ಲ, ಉಪಕಾರವೆಂದು ನೆನೆದದ್ದನ್ನೂ ಕೇಳಿಲ್ಲ. ಹುಡುಗ ಪುಸ್ತಕ ಕಸಿದುಕೊಂಡು, "ನಾ ಓದ್ತೀನಿ, ನೀ ಕೇಳಾಯಿ" ಎಂದು ಹೊಸ್ತಿಲ ಮೇಲೆ ಕೂತ.