ಶ್ರೀಮತಿ ಯಶೋಧರಮ್ಮ ದಾಸಪ್ಪನವರು: ಒಂದು ಚಾರಿತ್ರಿಕ ವಿವೇಚನೆ

ಮೈಸೂರಿನಿಂದ ಬೆಂಗಳೂರಿಗೆ ಬರುವ ಹಳೆಯ ಹೆದ್ದಾರಿಯು ಮದ್ದೂರನ್ನು ದಾಟಿದ ಮೇಲೆ ಚನ್ನಪಟ್ಟಣವನ್ನೂ ಹಿಂದೆ ಕ್ಲೋಸ್‌ಪೇಟೆಯೆಂದು ಹೆಸರಾಗಿದ್ದ ರಾಮನಗರವನ್ನೂ ಹಾಯ್ದು ಮುಂದುವರಿಯುತ್ತದೆ. ಅದರ ಒಂದು ಮಗ್ಗುಲಿಗೆ ಮಾಗಡಿಯೂ ಮತ್ತೊಂದು ಮಗ್ಗುಲಿಗೆ ಕನಕಪುರವೂ ಇವೆ. ಈ ನಾಲ್ಕು ತಾಲ್ಲೂಕುಗಳು ೧೯೮೬ರವರೆಗೆ ಬೆಂಗಳೂರು ಜಿಲ್ಲೆಯಲ್ಲಿಯೂ, ಬಳಿಕ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ಇದ್ದು, ೨೦೦೭ರಲ್ಲಿ ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡವು. ಈ ಸೀಮೆಯ ರಾಜಕೀಯ ಚರಿತ್ರೆಯನ್ನು ಹೇಳುವವರು ಕೆಂಗಲ್ ಹನುಮಂತಯ್ಯನವರನ್ನೂ, ಕನಕಪುರದಲ್ಲಿ ಗ್ರಾಮೀಣ ವಿದ್ಯಾಸಂಸ್ಥೆಯನ್ನು ಕಟ್ಟಿದ ಎಸ್. ಕರಿಯಪ್ಪನವರನ್ನೂ ಸ್ಮರಿಸುವುದು ವಾಡಿಕೆಯಾಗಿದೆ. ಅದು ಯುಕ್ತವೂ ಹೌದು. ಆದರೆ ಅದೇ ಕಾಲದಲ್ಲಿ ಅದೇ ಬೆಂಗಳೂರು ಜಿಲ್ಲೆಯ ಸಾರ್ವಜನಿಕ ಜೀವನದಲ್ಲಿ ಬೆಳೆದ ಒಬ್ಬ ಮಹಿಳೆಯ ಹೆಸರು, ಬಂದಾಗಲೂ, ಸಾಮಾನ್ಯವಾಗಿ ಅವರ ಪತಿಯ ಹೆಸರಿನ ಬೆನ್ನಿಗೆ ಒಂದು ಪಂಕ್ತಿಯಷ್ಟು ಬಂದು ಮರೆಯಾಗುತ್ತದೆ. ಅವರೇ ಶ್ರೀಮತಿ ಯಶೋಧರಮ್ಮ ದಾಸಪ್ಪನವರು. ಇವರನ್ನು ಒಬ್ಬ ನಾಯಕನ ಪತ್ನಿಯೆಂದು ಮಾತ್ರ ಎಣಿಸತಕ್ಕದ್ದೇ, ಇಲ್ಲವೆ ಸ್ವತಂತ್ರವಾದ ಒಂದು ರಾಜಕೀಯ ವ್ಯಕ್ತಿತ್ವವೆಂದು ಗಣಿಸತಕ್ಕದ್ದೇ ಎಂಬ ಪ್ರಶ್ನೆಯನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

೧

ಯಶೋಧರಮ್ಮನವರು ೧೯೦೫ನೆಯ ಇಸವಿ ಮೇ ತಿಂಗಳ ೨೮ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಕೆ. ಎಚ್. ರಾಮಯ್ಯನವರು ಸಮಾಜಸೇವೆಯಿಂದ ಹೆಸರಾದವರು. ೧೯೦೬ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘದ ಆರಂಭಕಾಲದ ಮುಂದಾಳುಗಳಲ್ಲಿ ಒಬ್ಬರು. ಹೊಲದ ಕೆಲಸವನ್ನೇ ನಂಬಿದ್ದ ಸಮುದಾಯಗಳು ತಮ್ಮ ಮಕ್ಕಳಿಗೆ ಶಾಲೆಯ ಬಾಗಿಲನ್ನು ತೆರೆಯಬೇಕೆಂದು ಆಗತಾನೆ ಎಚ್ಚೆತ್ತಿದ್ದ ಕಾಲವದು. ಆ ಎಚ್ಚರವು ಬಹುಮಟ್ಟಿಗೆ ಗಂಡುಮಕ್ಕಳ ವಿದ್ಯಾರ್ಥಿನಿಲಯ, ಸರ್ಕಾರಿ ಉದ್ಯೋಗ, ಪ್ರಾತಿನಿಧ್ಯ ಇವುಗಳನ್ನೇ ಕುರಿತದ್ದಾಗಿತ್ತು. ಹೀಗಿರಲು ರಾಮಯ್ಯನವರು ತಮ್ಮ ಮಗಳನ್ನು ಬೆಂಗಳೂರಿನ ಲಂಡನ್ ಮಿಷನ್ ಶಾಲೆಗೂ, ಅನಂತರ ಮದರಾಸಿನ ಕ್ವೀನ್ ಮೇರಿ ಕಾಲೇಜಿಗೂ ಕಳುಹಿಸಿದ್ದು ಗಮನಿಸತಕ್ಕ ಸಂಗತಿ. ಆ ಕಾಲೇಜು ಹುಟ್ಟಿದ್ದೇ ೧೯೧೪ರಲ್ಲಿ. ಊರು ಬಿಟ್ಟು, ಬೇರೆ ಭಾಷೆಯ ನಗರದಲ್ಲಿ ಕಲಿತು ಬಂದ ಹೆಣ್ಣುಮಗಳಿಗೆ ಮಾತನಾಡುವ ಧೈರ್ಯವು ವಿವಾಹಕ್ಕೆ ಮುಂಚೆಯೇ ದೊರೆತಿತ್ತೆಂದು ಹೇಳುವುದು ಅತಿಶಯೋಕ್ತಿಯಾಗಲಾರದು.

ಅವರ ಪತಿ ಎಚ್. ಸಿ. ದಾಸಪ್ಪನವರು ೧೮೯೪ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವಕೀಲಿವೃತ್ತಿಯನ್ನು ಹಿಡಿದು, ಸಂಸ್ಥಾನದ ರಾಜಕೀಯದಲ್ಲಿ ಬೇಗನೆ ಮೇಲಕ್ಕೆ ಬಂದವರು. ೧೯೩೭ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಮೈಸೂರು ಕಾಂಗ್ರೆಸ್ಸಿನಲ್ಲಿ ಲೀನವಾದಾಗ ಕೆ. ಸಿ. ರೆಡ್ಡಿ ಮೊದಲಾದವರೊಡನೆ ದಾಸಪ್ಪನವರೂ ಕಾಂಗ್ರೆಸ್ಸಿನ ಮುಂದಾಳುಗಳ ಸಾಲಿನಲ್ಲಿ ನಿಂತರು. ಇಲ್ಲಿಂದ ಮುಂದಕ್ಕೆ ದಂಪತಿಗಳ ಜೀವನವು ಎರಡು ಎತ್ತುಗಳು ಎಳೆವ ಒಂದೇ ಬಂಡಿಯಂತೆ ಸಾಗಿತು. ಆದರೆ ನೊಗದ ಎರಡು ಕಡೆಯ ಭಾರವೂ ಸಮನಾಗಿತ್ತೆಂಬುದನ್ನು ಚರಿತ್ರೆಕಾರರು ಅಷ್ಟಾಗಿ ಲಕ್ಷಿಸಿಲ್ಲ.

೨

೧೯೩೮ನೆಯ ವರ್ಷವು ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ಒಂದು ಹೊರಳುಗಾಲ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆಯಿತು. ಬೆಂಗಳೂರಿನಿಂದ ಶಿವಪುರಕ್ಕೆ ಹೋಗುವ ರಸ್ತೆಯೂ ರೈಲುದಾರಿಯೂ ರಾಮನಗರ ಚನ್ನಪಟ್ಟಣಗಳನ್ನು ಹಾಯ್ದೇ ಹೋಗಬೇಕಾದ್ದರಿಂದ, ಚಳವಳಿಯು ಈ ಸೀಮೆಯ ಹೊಸ್ತಿಲಲ್ಲಿಯೇ ನಡೆಯಿತೆಂದು ಹೇಳಬಹುದು. ಅದೇ ತಿಂಗಳ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿದೆ. ಮೂವತ್ತಕ್ಕೂ ಮೇಲ್ಪಟ್ಟು ಜನ ಮಡಿದರೆಂಬುದು ಜನರ ನೆನಪು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವನ್ನು ಮಾಡಿಕೊಂಡರು.

ಈ ದಿನಗಳಲ್ಲಿ ಯಶೋಧರಮ್ಮನವರು ಮನೆಯೊಳಗೆ ಕುಳಿತು ಸುದ್ದಿ ಕೇಳುವವರಾಗಿರಲಿಲ್ಲ. ವಿದುರಾಶ್ವತ್ಥದ ಪ್ರಸಂಗದಲ್ಲಿಯೂ, ಸಂಸ್ಥಾನದಲ್ಲಿ ಸಾವಿರಾರು ಜನರನ್ನು ಸೆರೆಮನೆಗೆ ಎಳೆದ ಅರಣ್ಯ ಸತ್ಯಾಗ್ರಹದಲ್ಲಿಯೂ ಅವರ ಹೆಸರು ಸೇರಿಬಂದಿದೆ. ಗುಪ್ತವಾಗಿ ಕೆಲಸ ಮಾಡುತ್ತಿದ್ದ ಕಾರ್ಯಕರ್ತರಿಗೆ ಅವರ ಮನೆಯೇ ಸೇರುವ ತಾಣವಾಗಿತ್ತು. ಈ ಸಂಗತಿಯ ತೂಕವನ್ನು ನಾವು ಕಡಿಮೆಯೆಂದು ಎಣಿಸಬಾರದು. ಸಭೆಯಲ್ಲಿ ಭಾಷಣ ಮಾಡಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ರಾತ್ರಿ ಬಂದವರಿಗೆ ಅನ್ನವಿಕ್ಕಿ, ಮಲಗಲು ಸ್ಥಳ ಕೊಟ್ಟು, ಬೆಳಗ್ಗೆ ಬಾಗಿಲು ಬಡಿದ ಪೊಲೀಸರಿಗೆ ಉತ್ತರ ಹೇಳಿದವಳ ಹೆಸರು ಯಾವ ಕಡತದಲ್ಲಿಯೂ ಬರುವುದಿಲ್ಲ. ಮನೆಯನ್ನು ಚಳವಳಿಗೆ ಒಪ್ಪಿಸುವ ನಿರ್ಧಾರವು ಗೃಹಿಣಿಯ ಒಪ್ಪಿಗೆಯಿಲ್ಲದೆ ಆಗತಕ್ಕದ್ದಲ್ಲ. ಆದಕಾರಣ ಅದನ್ನು ಕೇವಲ ಆತಿಥ್ಯವೆಂದು ಕರೆಯದೆ ರಾಜಕೀಯ ಕಾರ್ಯವೆಂದೇ ಕರೆಯಬೇಕು.

೩

೧೯೪೪ನೆಯ ಫೆಬ್ರವರಿ ೨೨ರಂದು ಕಸ್ತೂರಬಾ ಗಾಂಧಿಯವರು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿಯೇ ತೀರಿಕೊಂಡರು. ಅವರ ನೆನಪಿಗಾಗಿ ಕೂಡಿದ ನಿಧಿಯನ್ನು ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಸೇವೆಗೆ ವಿನಿಯೋಗಿಸಬೇಕೆಂಬುದು ಗಾಂಧೀಜಿಯವರ ಇಚ್ಛೆಯಾಗಿತ್ತು. ಹೀಗೆ ಹುಟ್ಟಿದ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ನಿಧಿಯ ಕರ್ನಾಟಕ ಶಾಖೆಯು ಅರಸೀಕೆರೆಯ ಬಳಿ ನೆಲೆಗೊಂಡಿತು. ಅದರ ಹೊಣೆಯನ್ನು ಹೊತ್ತವರು ಯಶೋಧರಮ್ಮನವರು.

ಅಲ್ಲಿ ನಡೆದ ಕೆಲಸವು ಸದ್ದಿಲ್ಲದ ಕೆಲಸ. ಹಳ್ಳಿಯ ಹೆಣ್ಣುಮಕ್ಕಳನ್ನು ಕರೆತಂದು ಗ್ರಾಮಸೇವಿಕೆಯರನ್ನಾಗಿ ತರಬೇತುಗೊಳಿಸುವುದು, ಬಾಣಂತಿತನ, ಶಿಶುಪಾಲನೆ, ಅಕ್ಷರಾಭ್ಯಾಸ, ನೂಲುವುದು ಇವುಗಳನ್ನು ಕಲಿಸಿ ಮರಳಿ ಹಳ್ಳಿಗೆ ಕಳುಹಿಸುವುದು, ಇದೇ ಅಂತಹ ಕೇಂದ್ರಗಳ ರೀತಿಯಾಗಿತ್ತು. ಗಂಡನನ್ನು ಕಳೆದುಕೊಂಡು ತವರಿನಲ್ಲಿಯೂ ಅತ್ತೆಯ ಮನೆಯಲ್ಲಿಯೂ ಹೊರೆಯೆನಿಸಿಕೊಂಡ ಹೆಣ್ಣುಮಗಳಿಗೆ ಇದು ಕೇವಲ ತರಬೇತಿಯಲ್ಲ. ತನ್ನ ಕಾಲಮೇಲೆ ತಾನು ನಿಂತು ಬದುಕುವ ಒಂದು ದಾರಿ. ಇಂತಹ ಕೆಲಸಕ್ಕೆ ತೊಡಗಿದವರಿಗೆ ಹಳ್ಳಿಯ ಸಂಸಾರದ ಒಳಗುಟ್ಟು ಅರಿವಾಗದೆ ಇರದು. ದಿನಗೂಲಿಯ ಹಣವು ಮನೆಗೆ ಬರುವ ಮುನ್ನ ಹೆಂಡದಂಗಡಿಗೆ ಸೇರುವುದನ್ನೂ, ಅದರ ಪರಿಣಾಮವನ್ನು ಹೆಂಗಸು ಮಕ್ಕಳು ಅನುಭವಿಸುವುದನ್ನೂ ಅವರು ಪ್ರತ್ಯಕ್ಷವಾಗಿ ಕಾಣುತ್ತಾರೆ. ಮುಂದೆ ಪಾನನಿರೋಧದ ವಿಷಯದಲ್ಲಿ ಯಶೋಧರಮ್ಮನವರು ತೋರಿದ ಹಠಕ್ಕೆ ಮೂಲವನ್ನು ಗಾಂಧೀವಾದದ ತತ್ತ್ವದಲ್ಲಿ ಮಾತ್ರವಲ್ಲದೆ ಈ ಸೇವೆಯಲ್ಲಿಯೂ ಹುಡುಕಬೇಕೆಂದು ನಮಗೆ ತೋರುತ್ತದೆ.

೪

೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಮೈಸೂರಿನ ಮೊದಲನೆಯ ಜವಾಬ್ದಾರಿ ಸರ್ಕಾರವು ಏರ್ಪಟ್ಟಾಗ ದಾಸಪ್ಪನವರು ಮಂತ್ರಿಗಳಾದರು. ಅನಂತರ ೧೯೫೭ರಲ್ಲಿಯೂ ೧೯೬೨ರಲ್ಲಿಯೂ ಬೆಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ೧೯೬೩ರಲ್ಲಿ ಕೇಂದ್ರದ ರೈಲ್ವೆ ಮಂತ್ರಿಗಳಾಗಿ, ೧೯೬೪ರ ಅಕ್ಟೋಬರಿನಲ್ಲಿ ಕಾಲವಾದರು. ಇತ್ತ ಯಶೋಧರಮ್ಮನವರು ೧೯೬೨ರಲ್ಲಿ ಎಸ್. ಆರ್. ಕಂಠಿಯವರ ಅಲ್ಪಕಾಲದ ಮಂತ್ರಿಮಂಡಲದಲ್ಲಿ ಸೇರಿದರು. ಪತಿಯು ದೆಹಲಿಯ ಸಭೆಯಲ್ಲಿಯೂ ಪತ್ನಿಯು ಬೆಂಗಳೂರಿನ ಮಂತ್ರಿಮಂಡಲದಲ್ಲಿಯೂ ಕುಳಿತ ಉದಾಹರಣೆಯು ಆಗಿನ ನಾಡಿಗೆ ಅಪೂರ್ವವಾಗಿತ್ತು. ಪತಿಯ ಮರಣಾನಂತರ ಅವರ ಸಾರ್ವಜನಿಕ ಜೀವನವು ಕುಂದಲಿಲ್ಲವೆಂಬುದನ್ನು ನಾವು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬಳ್ಳಿಯು ಮರವನ್ನು ಆಶ್ರಯಿಸಿ ಬೆಳೆದದ್ದೇ ಆಗಿದ್ದರೆ, ಮರವು ಬಿದ್ದಾಗ ಬಳ್ಳಿಯೂ ನೆಲಕ್ಕೆ ಒರಗಬೇಕಾಗಿತ್ತು.

ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿಯೂ ಯಶೋಧರಮ್ಮನವರು ಮಂತ್ರಿಗಳಾಗಿದ್ದರು. ಆ ಕಾಲದಲ್ಲಿ ಪಾನನಿರೋಧವನ್ನು ಸಡಿಲಿಸುವ ಪ್ರಶ್ನೆಯು ಎದ್ದಿತು. ಸರ್ಕಾರದ ಪಕ್ಷದಲ್ಲಿ ವಾದಗಳಿಲ್ಲದೆ ಇರಲಿಲ್ಲ. ಅಬಕಾರಿಯ ವರಮಾನವು ನಿಂತುಹೋಗಿ ಬೊಕ್ಕಸಕ್ಕೆ ನಷ್ಟವಾಗುತ್ತಿತ್ತು. ಕಳ್ಳಬಟ್ಟಿಯು ಹೆಚ್ಚಿ, ಕಾನೂನು ಇದ್ದೂ ಇಲ್ಲದಂತಾಗಿತ್ತು. ನೆರೆಯ ಪ್ರಾಂತಗಳೆಲ್ಲವೂ ಒಂದೇ ನೀತಿಯನ್ನು ಅನುಸರಿಸದಿದ್ದರೆ ಗಡಿಯಲ್ಲಿ ಕಾವಲು ವ್ಯರ್ಥವೆಂದೂ ಹೇಳಲಾಗುತ್ತಿತ್ತು. ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಇದಕ್ಕೆದುರಾಗಿ, ಪಾನನಿರೋಧವು ಸಂವಿಧಾನದ ೪೭ನೆಯ ಅನುಚ್ಛೇದದಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಸೇರಿತ್ತು. ಸ್ವಾತಂತ್ರ್ಯದ ಚಳವಳಿಯು ಜನರಿಗೆ ಕೊಟ್ಟ ಮಾತುಗಳಲ್ಲಿ ಒಂದಾಗಿತ್ತು. ಕಡೆಗೆ ೧೯೬೭ರಲ್ಲಿ ರಾಜ್ಯದಲ್ಲಿ ಪಾನನಿರೋಧವು ತೆಗೆದುಹಾಕಲ್ಪಟ್ಟಿತು. ಈ ನೀತಿಯನ್ನು ಒಪ್ಪಲಾರದೆ ಯಶೋಧರಮ್ಮನವರು ಮಂತ್ರಿಪದವಿಗೆ ರಾಜೀನಾಮೆಯನ್ನು ಕೊಟ್ಟರು.

ಇಲ್ಲಿ ಚರಿತ್ರೆಯ ಒಂದು ವೈಚಿತ್ರ್ಯವಿದೆ. ೧೯೩೯ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಸರ್ಕಾರದ ಈಚಲುಮರಗಳನ್ನು ಕಡಿದು ಸೆರೆಮನೆಗೆ ಹೋದರು. ಹೆಂಡದ ಮೂಲವನ್ನೇ ಕತ್ತರಿಸುವುದು ಆ ಸತ್ಯಾಗ್ರಹದ ಸಂಕೇತವಾಗಿತ್ತು. ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು ನಿಜಲಿಂಗಪ್ಪನವರೇ. ಮೂವತ್ತು ವರ್ಷಗಳು ತುಂಬುವ ಮೊದಲೇ, ಅವರ ಸರ್ಕಾರದ ಕೈಯಿಂದಲೇ ಹೆಂಡದಂಗಡಿಯ ಬಾಗಿಲು ಮತ್ತೆ ತೆರೆಯಿತು. ಇದಕ್ಕಾಗಿ ನಿಜಲಿಂಗಪ್ಪನವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ರಾಜ್ಯಭಾರದ ಹೊಣೆಯನ್ನು ಹೊತ್ತವನ ಇಕ್ಕಟ್ಟುಗಳು ಚಳವಳಿಗಾರನಿಗೆ ಇರುವುದಿಲ್ಲ. ಆದರೆ ಅದೇ ಇಕ್ಕಟ್ಟಿನಲ್ಲಿ ಅದೇ ಮಂತ್ರಿಮಂಡಲದಲ್ಲಿ ಕುಳಿತಿದ್ದ ಒಬ್ಬ ಮಹಿಳೆಯು ಹಿಂದೆ ಆಡಿದ ಮಾತನ್ನು ಉಳಿಸಿಕೊಳ್ಳುವುದಕ್ಕೆ ಪದವಿಯನ್ನು ಬಿಟ್ಟರು. ಅವರ ರಾಜೀನಾಮೆಯಿಂದ ನೀತಿಯು ಬದಲಾಗಲಿಲ್ಲ. ಹಾಗಾದರೆ ಅದು ನಿಷ್ಫಲವೇ? ಹಾಗೆ ಹೇಳಲಾಗದು. ಆ ರಾಜೀನಾಮೆಯಿಲ್ಲದಿದ್ದರೆ, ಪಾನನಿರೋಧದ ತ್ಯಾಗಕ್ಕೆ ಹಳೆಯ ಚಳವಳಿಗಾರರೆಲ್ಲರೂ ಏಕಕಂಠದಿಂದ ಸಮ್ಮತಿಸಿದರೆಂಬ ಅಭಿಪ್ರಾಯವು ಚರಿತ್ರೆಯಲ್ಲಿ ನಿಂತುಬಿಡುತ್ತಿತ್ತು.

೫

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಪತಿಯ ಸ್ಥಾನಮಾನಗಳು ಯಶೋಧರಮ್ಮನವರಿಗೆ ಅನುಕೂಲವಾದುವೆಂಬುದನ್ನು ಅಲ್ಲಗಳೆಯುವುದು ಸತ್ಯಕ್ಕೆ ವಿರುದ್ಧವಾದೀತು. ವಕೀಲರ ಮನೆ, ಮುಂದಾಳುಗಳ ಪರಿಚಯ, ದೆಹಲಿಯವರೆಗಿನ ಸಂಪರ್ಕ ಇವು ಸಾಮಾನ್ಯ ಹೆಂಗಸಿಗೆ ಲಭ್ಯವಾಗುವಂಥವಲ್ಲ. ಆದರೆ ಅನುಕೂಲವು ಒಂದು, ಅದನ್ನು ಯಾವುದಕ್ಕೆ ಉಪಯೋಗಿಸಿದರೆಂಬುದು ಮತ್ತೊಂದು. ಅನುಕೂಲವನ್ನು ಪದವಿಯಲ್ಲಿ ಉಳಿಯುವುದಕ್ಕೆ ಉಪಯೋಗಿಸಿದವರು ಹಲವರು. ಪದವಿಯನ್ನು ಬಿಡುವುದಕ್ಕೂ ಬೇಕಾದ ಸ್ವಾತಂತ್ರ್ಯವನ್ನು ಉಳಿಸಿಕೊಂಡವರು ವಿರಳ. ಭಾರತ ಸರ್ಕಾರವು ೧೯೭೨ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ಕೊಟ್ಟು ಗೌರವಿಸಿತು. ೧೯೮೦ರಲ್ಲಿ ಅವರು ದಿವಂಗತರಾದರು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂತಹ ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರಿಗೆ ಈ ಜೀವನದಿಂದ ಒಂದು ಪಾಠವಿದೆ. ಧ್ವಜ ಹಿಡಿದವರ, ಸೆರೆಮನೆಗೆ ಹೋದವರ, ಮಂತ್ರಿಗಳಾದವರ ಪಟ್ಟಿಯನ್ನು ಸಿದ್ಧಪಡಿಸುವಾಗ ಅವರ ಮನೆಗಳ ಹೆಂಗಸರನ್ನು ಒಂದು ಆವರಣದೊಳಗೆ ಇಟ್ಟು ಮುಂದಕ್ಕೆ ಹೋಗುವುದು ಇನ್ನು ನಿಲ್ಲಬೇಕು. ಸತ್ಯಾಗ್ರಹಿಗಳಿಗೆ ಅನ್ನವಿಕ್ಕಿದ ಮನೆ ಯಾವುದು, ಖಾದಿಯನ್ನು ಹೊತ್ತು ಮಾರಿದವರು ಯಾರು, ಹೆಂಡದಂಗಡಿಯ ಮುಂದೆ ನಿಂತವರು ಯಾರು ಎಂದು ಊರೂರಿನಲ್ಲಿ ವಿಚಾರಿಸಿ ಬರೆದಿಡತಕ್ಕದ್ದು. ಹಿರಿಯರ ನೆನಪು ಇರುವಾಗಲೇ ಈ ಕೆಲಸವು ಆಗಬೇಕು. ನೆನಪು ಅಳಿದ ಮೇಲೆ ಕಡತವು ಮಾತ್ರ ಉಳಿಯುತ್ತದೆ, ಕಡತವಾದರೋ ಇಂತಹವರ ಹೆಸರನ್ನು ಬರೆದುಕೊಂಡದ್ದೇ ಕಡಿಮೆ. ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಇಂತಹ ಸಂಗ್ರಹಕಾರ್ಯಕ್ಕೆ ತೊಡಗಿಸುವುದಾದರೆ, ನಮ್ಮ ನಾಡಿನ ಚರಿತ್ರೆಯ ಅರ್ಧಭಾಗಕ್ಕೆ ತಗಲಿರುವ ಮೌನವು ಸ್ವಲ್ಪಮಟ್ಟಿಗಾದರೂ ಮುರಿಯುವುದೆಂದು ನಂಬಿದ್ದೇವೆ.